ಮೊದಲು ಕಾಲುವೆ ಕುಡಿಯಬೇಕು

ನಮ್ಮ ತಂತ್ರಾಂಶದ ಕೊನೆಯ ಪುಟದಲ್ಲಿ ‘ಕೈ ಹಚ್ಚಿದವರು’ ಎಂಬ ಪಟ್ಟಿಯೊಂದಿದೆ. ಎಡಕ್ಕೆ ಹೆಸರು, ಬಲಕ್ಕೆ ಆ ಮನುಷ್ಯ ಮಾಡಿದ ಕೆಲಸ. ಅದರಲ್ಲಿ ಒಂದು ಸಾಲಿಗೆ ಮಾತ್ರ ಹೆಸರಿಲ್ಲ. ಬಲಗಡೆ ಎರಡು ಪದಗಳಿವೆ, ಎಡಗಡೆ ಖಾಲಿ. ಆಗಾಗ ಯಾರಾದರೂ ಬರೆಯುತ್ತಾರೆ: ‘ಸರ್, ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ, ಗಮನಿಸಿ.’

ಗಮನಿಸದೆ ಬಿಡುವವನಲ್ಲ ನಾನು. ಮನೆಗೆ ಬೀಗ ಹಾಕಿ ಬೀದಿಯ ತುದಿಗೆ ಹೋದವನು ವಾಪಸು ಬಂದು ಬೀಗ ಎಳೆದು ನೋಡುತ್ತೇನೆ. ಎಳೆದ ರಭಸಕ್ಕೆ ಅದು ಸಡಿಲವಾಗಿರಬಹುದೆಂದು ಮತ್ತೊಮ್ಮೆ ಬರುತ್ತೇನೆ. ಅಂಥವನು ಒಂದು ಹೆಸರು ಬಿಟ್ಟಿದ್ದಾನೆ ಎಂದರೆ ಅದು ಮರೆವಲ್ಲ. ಆ ಸಾಲು ಟೀಚರದು.

ತಂತ್ರಾಂಶದ ಹೆಸರು ‘ಸರದಿ’. ಕಾಲುವೆಯ ಯಾವ ತೂಬಿಗೆ ಯಾವ ದಿನ ಎಷ್ಟು ತಾಸು ನೀರು ಬಿಡಬೇಕು ಎಂದು ಲೆಕ್ಕ ಹಾಕಿ ಪಟ್ಟಿ ಮಾಡಿಕೊಡುತ್ತದೆ. ಬಳ್ಳಾರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು, ಕಂಟೋನ್ಮೆಂಟಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಇದನ್ನು ಶುರು ಮಾಡಿದೆ. ಓಪನ್ ಸೋರ್ಸ್, ಅಂದರೆ ಮುಚ್ಚುಮರೆ ಇಲ್ಲದ್ದು. ಯಾರು ಬೇಕಾದರೂ ತೆರೆದು ನೋಡಬಹುದು, ತಪ್ಪು ಹೇಳಬಹುದು, ತಿದ್ದಿ ಕಳಿಸಬಹುದು. ಯಾರು ಬೇಕಾದರೂ ಅಂದಮೇಲೆ ಯಾರಾದರೂ ಬಂದು ಕೆಡಿಸಿಬಿಟ್ಟರೆ ಎಂಬ ಚಿಂತೆ ನನಗೆ ಅವತ್ತೇ ಹತ್ತಿತು. ಆದ್ದರಿಂದ ‘ಎಲ್ಲರಿಗೂ ಸ್ವಾಗತ’ ಎಂದು ಬರೆದು, ಅದರ ಕೆಳಗೆ ಹದಿನಾಲ್ಕು ನಿಯಮಗಳನ್ನು ಹಾಕಿದೆ. ನಿಗದಿತ ನಮೂನೆಯಲ್ಲಿಲ್ಲದ ಸಲಹೆಗಳನ್ನು ತಿರಸ್ಕರಿಸಲಾಗುವುದು ಎಂಬುದು ಅದರಲ್ಲಿ ಮೊದಲನೆಯದು. ಎಂಟು ತಿಂಗಳು ಒಬ್ಬರೂ ಬರಲಿಲ್ಲ. ತಂತ್ರಾಂಶ ಅಷ್ಟು ಚೆನ್ನಾಗಿದೆ ಎಂದುಕೊಂಡೆ.

ಒಂಬತ್ತನೆಯ ತಿಂಗಳು ಒಂದು ಫೋನ್ ಬಂತು. ವಯಸ್ಸಾದ ಹೆಣ್ಣುಧ್ವನಿ, ಒಂದೊಂದು ಪದವನ್ನೂ ಬೋರ್ಡಿನ ಮೇಲೆ ಬರೆದಂತೆ ಬಿಡಿಬಿಡಿಯಾಗಿ ಆಡುವಂಥದ್ದು.

“ಆ ಹದಿನಾಕು ನಿಯಮ ಬರದೋರು ನೀವೇ ಏನ್ರಿ ಸರ?”

“ಹೌದು. ಏನಾದರೂ ತೊಂದರೆ ಆಯಿತಾ?”

“ತೊಂದ್ರಿ ಏನಿಲ್ಲ. ಓದಿ ಮುಗಿಸಿದ ಮ್ಯಾಲೆ ನಾನೇನು ಕಳವು ಮಾಡೀನಿ ಅಂತ ನೆನಪು ಮಾಡ್ಕೊಳ್ಳಾಕ ಹತ್ತಿದ್ದೆ.”

ಅವರೇ ಟೀಚರ್, ಕುರುಗೋಡಿನವರು. ಮೂವತ್ತು ವರ್ಷಕ್ಕೂ ಮಿಕ್ಕಿ ಸಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾಗಿದ್ದರು. ಅವರ ತಮ್ಮನ ಹೊಲ ಕಾಲುವೆಯ ಕೊನೆಯಲ್ಲಿತ್ತು. ಆ ನೆಪದಲ್ಲಿ ನಮ್ಮ ‘ಸರದಿ’ಯನ್ನು ತೆರೆದು ನೋಡಿದ್ದರು. ಪ್ರೋಗ್ರಾಮಿನ ಒಂದು ಸಾಲು ಅವರಿಗೆ ಬರೆಯಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಆ ಫೋನಿನ ಕೊನೆಯಲ್ಲಿ ನನ್ನ ಹದಿನಾಲ್ಕು ನಿಯಮಗಳು ಹೋಗಿ ಒಂದೇ ಉಳಿದಿತ್ತು: ‘ತಪ್ಪು ಕಂಡರೆ ಹೇಳಿ. ಹೇಗೆ ಹೇಳಿದರೂ ನಡೆಯುತ್ತದೆ.’ ಕೆಳಗೆ ಅವರದೇ ಫೋನ್ ನಂಬರು.

ಕುಳ್ಳಗಿನ ದೇಹ, ಕೊರಳಿಗೆ ದಾರದಲ್ಲಿ ಕಟ್ಟಿಕೊಂಡ ಕನ್ನಡಕ, ಮಳೆಗಾಲ ಬೇಸಿಗೆ ಎನ್ನದೆ ಕೈಯಲ್ಲೊಂದು ಕೊಡೆ. ಕೊಡೆಯನ್ನು ಬಿಚ್ಚಿದ್ದು ಕಡಿಮೆ, ನನ್ನನ್ನು ತಿವಿಯಲು ಬಳಸಿದ್ದೇ ಹೆಚ್ಚು. ಚೀಲದಲ್ಲಿ ನೂರು ಪುಟದ ನೋಟ್‌ಬುಕ್ಕು, ಹಸಿರು ಶಾಯಿಯ ಪೆನ್ನು. ಸಾಲೆಯಲ್ಲಿದ್ದಾಗಲೂ ಕೆಂಪು ಪೆನ್ನು ಮುಟ್ಟಲಿಲ್ಲವಂತೆ. “ಕೆಂಪು ಶಾಯಿ ಕಂಡ್ರ ಹುಡುಗ್ರು ಉತ್ತರ ನೋಡಂಗಿಲ್ರಿ, ಗಾಯ ನೋಡ್ತಾವು” ಅನ್ನುತ್ತಿದ್ದರು.

ನನ್ನನ್ನು ಕರೆಯಲು ಅವರ ಹತ್ತಿರ ಎರಡು ಪದಗಳಿದ್ದವು. ಸಿಟ್ಟು ಬಂದರೆ ‘ಸರ’, ಖುಷಿಯಾದರೆ ‘ತಮ್ಮಾ’. ಫೋನ್ ಎತ್ತಿದ ಕೂಡಲೇ ಯಾವುದು ಬರುತ್ತದೋ ಎಂದು ನನ್ನ ಕಿವಿ ಬಿಗಿಯಾಗುತ್ತಿತ್ತು. ಮೊದಲ ವರ್ಷವಿಡೀ ‘ಸರ’ ಆಗಿಯೇ ಕಳೆದೆ.

ಟೀಚರ ಕೆಲಸ ಇಷ್ಟೇ. ಯಾರಾದರೂ ಸಣ್ಣದೊಂದು ತಪ್ಪು ತೋರಿಸಿದರೂ ಅವರಿಗೆ ಫೋನ್ ಮಾಡುವುದು, ಅವರು ಮಾಡಿದ್ದನ್ನು ಅವರಿಗೇ ಓದಿ ಹೇಳುವುದು. ಸುಮ್ಮನೆ ಹೊಗಳಿದರೆ ಟೀಚರಿಗೆ ಆಗುತ್ತಿರಲಿಲ್ಲ. ನಾನೊಮ್ಮೆ ಯಾರಿಗೋ ‘ತುಂಬಾ ಚೆನ್ನಾಗಿದೆ, ಧನ್ಯವಾದ’ ಎಂದು ಬರೆದದ್ದಕ್ಕೆ ಸಿಟ್ಟಾದರು. “ಏನು ಚಂದ ಐತಿ ಅಂತ ಹೇಳ್ರಿ ಸರ. ಅದನ್ನ ಹೇಳಾಕ ಬರಂಗಿಲ್ಲಂದ್ರ ನೀವು ಓದೇ ಇಲ್ಲ ಅಂದಂಗ.” ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಅವರ ಬಳಿ ಒಂದೇ ಉತ್ತರ: “ಇದು ಮುಯ್ಯಾಳಿದ್ದಂಗ್ರಿ. ಕೂಲಿ ಇಲ್ಲದ ನಿಮ್ಮ ಹೊಲಕ್ಕ ಕೆಲ್ಸಕ್ಕ ಬಂದಾರ. ಬಂದ ಕೂಡ್ಲೆ ‘ಕುಡುಗೋಲು ಹಿಡಿಯೋದು ಹಂಗಲ್ಲ’ ಅಂತೀರೇನು? ಮೊದ್ಲು ಒಂದು ತಂಬಿಗಿ ನೀರು ಕೊಡ್ತೀರಿ.”

ತಪ್ಪೇ ಮಾಡದವರೇನಲ್ಲ. ರಾರಾವಿಯ ಒಬ್ಬ ಹೆಣ್ಣುಮಗಳು ಬೆಳೆಗಳ ಚಿತ್ರ ತೆಗೆದು ಕಳಿಸಿದಳು, ಒಂದಲ್ಲ, ನಲವತ್ತು. ಟೀಚರ್ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟರು. ತಂತ್ರಾಂಶ ಹೊರೆ ಹೇರಿದ ಎತ್ತಿನ ಹಾಗೆ ಕುಸಿದು ಕೂತಿತು. ನಾನು ಹೇಳಿದ್ದಕ್ಕೆ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ತಾವೇ ಅವಳಿಗೆ ಫೋನ್ ಮಾಡಿ, “ಚಿತ್ರದಾಗ ಭತ್ತದ ತೆನಿ ಬಾಗಿದ್ದು ಎಷ್ಟು ಚಂದ ಬಂದೈತಿ ಅಂತೀನಿ. ಆದ್ರ ನಮ್ಮ ಗಾಡಿ ಸಣ್ಣದವ್ವಾ, ಎರಡು ಇಟ್ಕೊಂತೀವಿ” ಎಂದರಂತೆ. ತಪ್ಪಾಯಿತು ಎಂದು ನನಗೆ ಮಾತ್ರ ಹೇಳಲಿಲ್ಲ, ಕೊನೆಯವರೆಗೂ.

ಇನ್ನು ಹಚ್ಚೊಳ್ಳಿಯ ಸಂಗತಿ.

ಸಿರುಗುಪ್ಪ ತಾಲ್ಲೂಕಿನ ಒಂದು ಉಪಕಾಲುವೆಯ ರೈತರು ತಮ್ಮ ನೀರಿನ ಸರದಿಯನ್ನು ನಮ್ಮ ಪಟ್ಟಿಯಂತೆ ನಡೆಸಲು ಮೊದಲ ಸಲ ಒಪ್ಪಿದ್ದರು. ಹಿಂದೊಮ್ಮೆ ಸರದಿ ತಪ್ಪಿ ಆ ಕಾಲುವೆಯ ಮೇಲೆ ಸಲಿಕೆಗಳು ಎದ್ದಿದ್ದವು. ಒಬ್ಬರ ತಲೆಗೆ ಹೊಲಿಗೆ ಬಿದ್ದಿತ್ತು. ನೀರು ಬಿಡಲು ಎಂಟು ದಿನ ಇತ್ತು. ಆ ಕಾಲುವೆಯ ನೀರುಗಂಟಿ, ಅಂದರೆ ದಂಡೆಯ ಮೇಲೆ ಅಡ್ಡಾಡಿ ತೂಬು ತೆರೆದು ಮುಚ್ಚುವವರು, ಹಚ್ಚೊಳ್ಳಿ ಕಡೆಯವರು. ಟೀಚರ್ ಅವರೊಡನೆ ಎರಡು ತಿಂಗಳಿಂದ ಮಾತಾಡುತ್ತಿದ್ದರು. ಏಳು ಮತ್ತು ಎಂಟನೇ ತೂಬಿನ ಹೆಸರು ಅದಲುಬದಲಾದದ್ದನ್ನು ತೋರಿಸಿದವರು ಈ ನೀರುಗಂಟಿಯೇ. ನಾನು ಸರಿಪಡಿಸಿದ್ದೆ. ಅವರಿಗೆ ಒಂದು ಮಾತು ಹೇಳಿರಲಿಲ್ಲ.

ಆ ದಿನ ಅವರಿಂದ ಒಂದು ಫೋಟೋ ಬಂತು. ಬೀಜದ ಅಂಗಡಿಯ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದ ತಾಸುಗಳು. ಎಲ್ಲಕ್ಕಿಂತ ಮೇಲೆ: ‘ಕಾಲುವೆಗೆ, 5 ತಾಸು.’

ಕಾಲುವೆಗೆ ನೀರು ಕೊಡುವುದೇ? ಕಾಲುವೆ ಇರುವುದು ನೀರು ಒಯ್ಯಲು. ಎಂಟೇ ದಿನ ಉಳಿದಿದೆ ಎಂಬ ಗಾಬರಿಯಲ್ಲಿ, ಟೀಚರನ್ನು ಒಂದು ಮಾತು ಕೇಳದೆ, ನಾನೇ ಉತ್ತರ ಕಳಿಸಿದೆ: ‘ನಿಗದಿತ ನಮೂನೆಯಲ್ಲಿಲ್ಲ. ಕಾಲುವೆಯು ತೂಬಲ್ಲ. ತಿರಸ್ಕರಿಸಲಾಗಿದೆ.’ ಕಳಿಸಿ, ಒಂದು ಚಿಂತೆ ಕಳೆಯಿತೆಂದು ಚಹಾ ಕುಡಿದೆ.

ನೀರುಗಂಟಿ ನಮ್ಮ ವಾಟ್ಸಾಪ್ ಗುಂಪನ್ನು ಬಿಟ್ಟರು. ಮರುದಿನ ಟೀಚರ ಫೋನ್ ಬಂತು.

“ಸರ. ಐದು ತಾಸು ಯಾಕ ಅಂತ ಕೇಳಿದ್ರೇನು?”

“ಇಲ್ಲ... ಅದು ಸ್ಪಷ್ಟವಾಗಿ ತಪ್ಪೇ ಇತ್ತಲ್ಲ ಟೀಚರ್.”

“ಗಣಿತದಾಗ ತಪ್ಪು ಉತ್ತರ ಬಂದ್ರ ಹುಡುಗ ಹೆಂಗ ಮಾಡ್ಯಾನ ಅಂತ ನೋಡ್ತಿದ್ದೆ ನಾನು. ಬಹಳ ಸಲ ನನ್ನ ಪ್ರಶ್ನೇನ ತಪ್ಪಿರ್ತಿತ್ತು. ನಾಳೆ ಸಿರುಗುಪ್ಪ ಬಸ್‌ಸ್ಟ್ಯಾಂಡಿಗೆ ಬರ್ರಿ.”

ರಾತ್ರಿಯೆಲ್ಲ ಒಂದು ಕ್ಷಮಾಪಣೆ ಪತ್ರ ಬರೆದೆ, ನಾಲ್ಕು ಸಲ ತಿದ್ದಿದೆ. ಸಿರುಗುಪ್ಪದಲ್ಲಿ ಹಚ್ಚೊಳ್ಳಿ ಬಸ್ಸಿಗೆ ಕಾಯುವಾಗ ಟೀಚರ್ ಅದನ್ನು ಇಸಿದುಕೊಂಡು, ಕನ್ನಡಕ ಏರಿಸಿ ಓದಿದರು.

“ಚೊಲೊ ಬರದೀರಿ. ಇದರೊಳಗ ‘ನಾನು’ ಒಂಬತ್ತು ಸಲ ಐತಿ. ಅವ್ರ ಹೆಸರು ಒಂದು ಸಲಾನೂ ಇಲ್ಲ.”

ಮಡಚಿ ನನ್ನ ಅಂಗಿಯ ಜೇಬಿಗೇ ತುರುಕಿದರು. ಬಸ್ಸಿನಲ್ಲಿ ನಾನು ಕೇಳುತ್ತಲೇ ಇದ್ದೆ: ಅವರು ಮಾತಾಡದಿದ್ದರೆ? ಪಟ್ಟಿ ಆಗಲೇ ಅಚ್ಚಿಗೆ ಹೋಗಿದ್ದರೆ? ಅವರೇ ರೈತರಿಗೆ ಇದನ್ನು ನಂಬಬೇಡಿ ಎಂದಿದ್ದರೆ? ಟೀಚರ್ ಕಿಟಕಿಯಾಚೆ ನೋಡುತ್ತಲೇ ಹೇಳಿದರು, “ಹಂಗ ಅಂದಿದ್ರ ಪುಣ್ಯ ಸರ. ಸುಮ್ನ ಕುಂತಿದ್ರ ಏನು ಮಾಡ್ತೀರಿ?”

ಹಾಗೇ ಆಗಿತ್ತು. ಹಚ್ಚೊಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಕಾಲುವೆಯ ತನಕ ಹೋದೆವು. ನೀರುಗಂಟಿ ಗೇಟಿನ ತಿರುಪಿಗೆ ಗ್ರೀಸ್ ಹಚ್ಚುತ್ತಿದ್ದರು. ಇಬ್ಬರು ರೈತರು ದಂಡೆಯ ಮೇಲೆ ಕೂತಿದ್ದರು. ನೀರುಗಂಟಿ ನನ್ನ ಕಡೆ ತಿರುಗಲಿಲ್ಲ.

“ಬಿಸಿಲಾಗ ಬಂದೀರಲ್ಲ ಟೀಚರಮ್ಮ” ಎಂದರು. ಗ್ರೀಸಿನ ಕೈ ಒರೆಸಿಕೊಳ್ಳುತ್ತ ಮತ್ತೊಂದು ಮಾತು: “ಸಾಹೇಬ್ರು ನಮೂನಿ ತಂದಾರೇನು?”

“ಪಟ್ಟಿ ತಪ್ಪಿದೆ ಅಂತ ಯಾರಿಗಾದರೂ ಹೇಳಿದಿರಾ?” ನನ್ನ ಬಾಯಿಂದ ಅದೇ ಮೊದಲು ಬಂತು.

“ನಾ ಯಾಕ ಹೇಳ್ಲಿ? ನೀವು ಬರದಿದ್ದ ಖರೆ ಅಂದ ಮ್ಯಾಲೆ ಮುಗೀತು. ನೀವು ಓದಿದೋರು.”

ಕೊಡೆಯ ತುದಿ ನನ್ನ ಪಕ್ಕೆಗೆ ತಾಗಿತು. ಟೀಚರ್ ಚೀಲದಿಂದ ನೋಟ್‌ಬುಕ್ಕು ತೆಗೆದು, ಹಾಜರಿ ಕರೆಯುವ ಧ್ವನಿಯಲ್ಲಿ, ಆ ಇಬ್ಬರು ರೈತರಿಗೂ ಕೇಳುವಂತೆ ಓದಿದರು. ಏಳು, ಎಂಟನೇ ತೂಬಿನ ಹೆಸರು ತಿದ್ದಿಸಿದ್ದು ಇವರು. ಮೂರನೇ ತೂಬಿನ ಬಾಗಿಲು ತುಕ್ಕು ಹಿಡಿದು ಅರ್ಧವೇ ಏಳುತ್ತದೆ, ಅದಕ್ಕೆ ತಾಸು ಹೆಚ್ಚು ಬೇಕು ಎಂದದ್ದು ಇವರು. ಹನ್ನೊಂದರ ಕೆಳಗಿನ ಎರಡು ಹೊಲ ಪಟ್ಟಿಯಲ್ಲಿ ಬಿಟ್ಟುಹೋಗಿದ್ದನ್ನು ಹೇಳಿದ್ದು ಇವರು. ಒಂದೊಂದನ್ನೂ ಯಾವ ದಿನ ಹೇಳಿದರು ಎಂಬುದೂ ಹಸಿರು ಶಾಯಿಯಲ್ಲಿತ್ತು.

ನೀರುಗಂಟಿ ಗೇಟಿನ ಕಟ್ಟೆಯ ಮೇಲೆ ಕೂತರು.

“ಇಪ್ಪತ್ತಾರು ವರ್ಷ ಆತು ಟೀಚರಮ್ಮ, ಈ ದಂಡಿ ಮ್ಯಾಲೆ ಅಡ್ಡಾಡಾಕ ಹತ್ತಿ. ನೀರು ಬರ್ಲಿಲ್ಲಂದ್ರ ಬೈಯಾಕ ಊರೇ ಬರ್ತೈತಿ. ಬಂದ್ರ ಒಬ್ರೂ ಬರಂಗಿಲ್ಲ.”

ಮತ್ತೆ ಕೊಡೆ ತಾಗಿತು. ಈಗ ಏನು ಕೇಳಬೇಕೆಂದು ನನಗೂ ಗೊತ್ತಿತ್ತು.

“ಆ ಐದು ತಾಸು ಯಾಕ್ರಿ?”

ಅವರು ಮೊದಲ ಸಲ ನನ್ನನ್ನು ನೋಡಿದರು. “ಸರ, ನಿಮ್ಮ ಮನ್ಯಾಗ ಮಣ್ಣಿನ ಗಡಗಿ ಐತೇನು? ಹೊಸಾ ಗಡಗಿಗೆ ನೀರು ಹಾಕಿದ್ರ ಮೊದ್ಲು ಯಾರು ಕುಡಿತಾರ?”

“ಗಡಿಗೆ.”

“ಹಾಂ. ನಾಕು ತಿಂಗಳು ಒಣಗಿದ ಕಾಲುವಿ ಇದು. ಎರಿ ಮಣ್ಣು, ಕೈ ಹೋಗುವಷ್ಟು ಬಿರುಕು. ಗೇಟ್ ಎತ್ತಿದ್ರ ಮೊದ್ಲು ಇದು ತಾ ಕುಡಿತೈತಿ, ಆಮ್ಯಾಲೆ ಮುಂದಕ್ಕ ಬಿಡ್ತೈತಿ. ನಿಮ್ಮ ಪಟ್ಟ್ಯಾಗ ಮೊದಲ್ನೇ ಸರದಿ ಕೊನಿ ತೂಬಿಂದು, ಗೇಟ್ ಎತ್ತಿದ ಕೂಡ್ಲೆ ಅಲ್ಲಿ ನೀರು! ಕೊನಿ ಹೊಲದೋರ ಐದು ತಾಸು ಕಾಲುವಿ ಹೊಟ್ಟ್ಯಾಗ. ಅವ್ರ ಸರದಿ ಮುಗಿಯೋ ಹೊತ್ತಿಗೆ ನೀರು ಬರ್ತೈತಿ. ಆಮ್ಯಾಲೆ ಸಲಿಕಿ ಎತ್ತಂಗಿಲ್ಲೇನು?”

ಊಟದ ಮೇಜಿನ ಮೇಲೆ ಕಾಲುವೆ ಮಾಡಿದವನಿಗೆ ಕಾಲುವೆಗೂ ಬಾಯಾರಿಕೆ ಇರುತ್ತದೆ ಎಂದು ಹೊಳೆದಿರಲಿಲ್ಲ. ಲ್ಯಾಪ್‌ಟಾಪ್ ತೆರೆದೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಇಲ್ಲಿ ಎರಿ ಮಣ್ಣು, ಬಹಳ ಕುಡಿಯುತ್ತದೆ. ಇಲ್ಲಿ ಸಿಮೆಂಟು ಹಾಕಿದ್ದಾರೆ, ಕಡಿಮೆ. ಇಲ್ಲಿ ಜಾಲಿ ಬೆಳೆದಿದೆ, ತಡೆಯುತ್ತದೆ. ಯಾವ ಪುಸ್ತಕದಲ್ಲೂ ಇಲ್ಲದ ಲೆಕ್ಕ ಅದು, ಅವರ ಅಂಗಾಲಿನಲ್ಲಿತ್ತು.

ಕೊನೆಗೆ ಟೀಚರ್ ‘ಕೈ ಹಚ್ಚಿದವರು’ ಪುಟ ತೆರೆಸಿದಾಗ ನೀರುಗಂಟಿ ಗಾಬರಿಯಾದರು. “ನನ್ನ ಹೆಸ್ರು ಬ್ಯಾಡ್ರಿ. ನೀರು ಬರ್ಲಿಲ್ಲಂದ್ರ ಎಲ್ಲಾರೂ ನನ್ನ ಮನಿಗೇ ಬರ್ತಾರ.”

“ಹೆದರಬ್ಯಾಡ್ರಿ” ಎಂದರು ಟೀಚರ್. “ನಿಮ್ಮ ಹೆಸರಿನ ಮುಂದ ಈ ಸರ ಮನಿ ವಿಳಾಸ ಹಾಕ್ತೀವಿ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಟೀಚರ್ ಹಾಕಿಯೇಬಿಟ್ಟರೆ ಎಂದು ಯೋಚಿಸುತ್ತಿದ್ದೆ. ಹೆಸರು ಹಾಕಿದೆವು, ವಿಳಾಸ ಹಾಕಲಿಲ್ಲ. ಟೀಚರ ಹೆಸರನ್ನೂ ಸೇರಿಸುತ್ತೇನೆ ಎಂದಾಗ ನೋಟ್‌ಬುಕ್ಕು ಮುಚ್ಚಿದರು. “ಕೆಲ್ಸ ಇಲ್ಲದ ಹೆಸರು ಹಾಕಬಾರ್ದು ಸರ. ನಾನೇನು ಬರದೀನಿ ಅದರಾಗ?”

ನೀರು ಬಿಟ್ಟ ದಿನ ನಾವು ಕೊನೆಯ ತೂಬಿನ ಹತ್ತಿರ ನಿಂತಿದ್ದೆವು. ಬೆಳಿಗ್ಗೆ ಆರಕ್ಕೆ ಗೇಟು ಎತ್ತಿದ್ದರು. ಹೊಸ ಪಟ್ಟಿಯ ಪ್ರಕಾರ ಹನ್ನೊಂದಕ್ಕೆ ಇಲ್ಲಿ ನೀರು. ದಂಡೆಯ ತುಂಬ ಜನ, ಜನರ ಕೈಯಲ್ಲಿ ಸಲಿಕೆ. ಸಲಿಕೆ ಹೊಲಕ್ಕೆ ಬೇಕಾದದ್ದೇ, ಆದರೂ ನಾನು ಎಣಿಸಿದೆ. ಹನ್ನೊಂದು ಹೊಡೆಯಿತು. ಕಾಲುವೆಯ ತಳದಲ್ಲಿ ಒಂದು ಓತಿಕೇತ ಆರಾಮಾಗಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿತ್ತು. ಹನ್ನೊಂದೂ ಹತ್ತು.

“ಏನ್ರಿ ಸರ, ನಿಮ್ಮ ಕಂಪ್ಯೂಟರ್ ನೀರು ಎಲ್ಲಿ ಮಟ ಬಂತು?” ಒಬ್ಬ ಮುದುಕ ಕೇಳಿದ.

“ಮೊಬೈಲ್‌ನಾಗ ಬಂದಿರ್ತೈತಿ ಬಿಡೋ ಮಾವ” ಎಂದ ಇನ್ನೊಬ್ಬ. ನಗು ಎದ್ದಿತು, ಆದರೆ ಬೇಗ ಆರಿತು. ಟೀಚರ್ ಬೇವಿನ ನೆರಳಲ್ಲಿ ಕೂತು ಪೇಪರಿನ ಪೊಟ್ಟಣದಿಂದ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದರು. ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ, “ಟೀಚರ್, ಬರದಿದ್ದರೆ?”

“ತಗೋರಿ, ಮೆಣಸಿನಕಾಯಿ ಬಿಟ್ಟು ತಿನ್ರಿ” ಎಂದರು. ಹಾಗೆಂದವರು ಕಾಲುವೆಯ ತಿರುವಿನ ಮೇಲೇ ಕಣ್ಣಿಟ್ಟು, ತಾವೇ ಮೆಣಸಿನಕಾಯಿ ಕಚ್ಚಿಬಿಟ್ಟರು. ಅವರಿಗೂ ಭಯವಿರುತ್ತದೆ ಎಂದು ನಾನು ತಿಳಿದದ್ದು ಆಗಲೇ.

ಹನ್ನೊಂದೂ ಹದಿನೈದರ ಹೊತ್ತಿಗೆ ದೂರದ ತಿರುವಿನಲ್ಲಿ ನೀರುಗಂಟಿ ಕಾಣಿಸಿದರು. ಓಡುತ್ತಿರಲಿಲ್ಲ, ದಂಡೆಯ ಮೇಲೆ ಒಂದೇ ನಡಿಗೆಯಲ್ಲಿ ಬರುತ್ತಿದ್ದರು. ಅವರ ಪಕ್ಕದಲ್ಲೇ, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಒಣ ಎಲೆ, ಹೊಟ್ಟು, ನೊರೆಯನ್ನು ತಳ್ಳಿಕೊಂಡು ನೀರು ಬರುತ್ತಿತ್ತು. ಓತಿಕೇತ ಎದ್ದು ದಂಡೆ ಹತ್ತಿತು. ನೀರುಗಂಟಿ ನನ್ನ ಮುಂದೆ ನಿಂತು ಗಡಿಯಾರ ನೋಡಿದರು.

“ಇಪ್ಪತ್ತೆರಡು ನಿಮಿಷ ತಡ ಆತು. ಜಾಲಿ ಹತ್ರ ಏಡಿ ಬಿಲ ಇತ್ತು, ಮುಚ್ಚಿ ಬಂದೆ. ಬರಕೊಳ್ರಿ ಸರ, ಅದನ್ನೂ ಬರಕೊಳ್ರಿ.”

ಬರೆದುಕೊಂಡೆ. ಕೊನೆಯ ಹೊಲದ ತಾಸು ಅಲ್ಲಿಂದ ಎಣಿಸತೊಡಗಿದೆವು. ಸಲಿಕೆಗಳು ಹೊಲಕ್ಕಿಳಿದವು.

ವಾಪಸು ಬಸ್ಸಿನಲ್ಲಿ ಟೀಚರ್ ಕಣ್ಣು ಮುಚ್ಚಿಕೊಂಡೇ ಕೇಳಿದರು, “ತಮ್ಮಾ, ಮನಿಗೆ ಬೀಗ ಸರಿಯಾಗಿ ಹಾಕಿಯಿಲ್ಲೋ?” ‘ತಮ್ಮಾ’ ಎಂದದ್ದಕ್ಕೆ ಹಿಗ್ಗಬೇಕೋ, ಇಡೀ ದಿನ ಬೀಗವೇ ನೆನಪಾಗದ್ದಕ್ಕೆ ಹೆದರಬೇಕೋ ತಿಳಿಯದೆ ಬಳ್ಳಾರಿಯ ತನಕ ಕೂತಿದ್ದೆ.

ಹೋದ ಬೇಸಿಗೆಯಲ್ಲಿ ಟೀಚರ್ ತೀರಿಕೊಂಡರು. ಬಹಳ ದಿನ ನರಳಲಿಲ್ಲ. ಕುರುಗೋಡಿಗೆ ಹೋಗಿ ಬಂದೆ. ದುಃಖದ ಬೆನ್ನಿಗೇ, ನನ್ನ ಸ್ವಭಾವಕ್ಕೆ ತಕ್ಕಂತೆ, ಇನ್ನೊಂದು ಭಯ ಬಂತು. ನೀರು ಬಿಡುವ ದಿನ ಹತ್ತಿರ ಬರುತ್ತಿತ್ತು. ಹಚ್ಚೊಳ್ಳಿಯ ಕಾಲುವೆಯ ಒಂದು ಭಾಗಕ್ಕೆ ಹೊಸದಾಗಿ ಸಿಮೆಂಟು ಹಾಕಿದ್ದರು, ಅದು ಕುಡಿಯುವ ಲೆಕ್ಕ ಬದಲಾಗಿತ್ತು. ನೀರುಗಂಟಿಯಿಂದ ಸುದ್ದಿಯಿಲ್ಲ. ಅವರಷ್ಟೇ ಅಲ್ಲ, ಯಾರಿಂದಲೂ ಇಲ್ಲ. ಇಷ್ಟು ದಿನ ಜನ ಕೈ ಹಚ್ಚಿದ್ದು ನನ್ನ ತಂತ್ರಾಂಶಕ್ಕಲ್ಲ, ಆ ಫೋನಿಗೆ. ಆ ಫೋನು ಈಗ ಇಲ್ಲ. ಟೀಚರೊಂದಿಗೇ ‘ಸರದಿ’ಯೂ ಮುಗಿಯಿತೇ?

ಒಂದು ಸಂದೇಶ ಬರೆದೆ, ಅಳಿಸಿದೆ. ಅದರಲ್ಲಿ ‘ನಾನು’ ಆರು ಸಲ ಇತ್ತು. ಮೂರನೆಯ ದಿನ ನೋಟ್‌ಬುಕ್ಕೊಂದನ್ನು ತಂದು, ನೀರುಗಂಟಿ ಒಂದು ವರ್ಷದಲ್ಲಿ ಮಾಡಿದ್ದನ್ನೆಲ್ಲ ದಿನಾಂಕದ ಸಮೇತ ಬರೆದುಕೊಂಡು ಫೋನ್ ಮಾಡಿದೆ. ನಮಸ್ಕಾರವನ್ನೂ ಹೇಳದೆ ಓದತೊಡಗಿದೆ. ಏಡಿ ಬಿಲದ ತನಕ ಬಂದಾಗ ಅವರು ತಡೆದರು.

“ಸರ, ಹಿಂಗ ಓದ್ರಿ ಅಂತ ಟೀಚರಮ್ಮ ಹೇಳಿ ಹೋಗ್ಯಾರೇನು?”

“ಇಲ್ಲ. ಅವರು ಓದೋದನ್ನ ನೋಡಿದ್ದೆ.”

ಆ ಕಡೆ ಗಾಳಿಯ ಸದ್ದು ಕೇಳುತ್ತಿತ್ತು. ದಂಡೆಯ ಮೇಲಿದ್ದರೆಂದು ಕಾಣುತ್ತದೆ. “ಪೆನ್ನು ತಗೋರಿ” ಎಂದರು. ಹೊಸ ಸಿಮೆಂಟಿನ ಭಾಗ ಅರ್ಧ ತಾಸು ಉಳಿಸುತ್ತದೆ. ಅದರ ಕೆಳಗಿನದು ಮೊದಲಿನಷ್ಟೇ. ಒಟ್ಟು ನಾಲ್ಕೂವರೆ. ಬರೆದುಕೊಂಡೆ.

“ಇನ್ನೊಂದು ಕೇಳಬೇಕಿತ್ತು. ಟೀಚರ ಹೆಸರು ಪಟ್ಟಿಗೆ ಸೇರಿಸಬೇಕು ಅಂತ ಆಸೆ.”

“ಬ್ಯಾಡ ಅಂದಿದ್ರಲ್ರಿ ಅವ್ರು, ನನ್ನ ಮುಂದ.”

“ಹೌದು.”

“ಹಂಗಾದ್ರ ಹೆಸ್ರು ಬ್ಯಾಡ. ಕೆಲ್ಸ ಬರೀರಿ.”

“ಏನಂತ ಬರೆಯಲಿ? ಅವರು ತಂತ್ರಾಂಶದಲ್ಲಿ ಒಂದು ಸಾಲೂ ಬರೆದಿಲ್ಲ.”

“ಬಿಸಿಲಾಗ ಬಂದಿದ್ರಲ್ಲ” ಎಂದರು ನೀರುಗಂಟಿ. “ಅದನ್ನ ಬರೀರಿ.”

ಅದನ್ನೇ ಬರೆದೆ. ಎಡಗಡೆ ಖಾಲಿ, ಬಲಗಡೆ ‘ಬಿಸಿಲಲ್ಲಿ ಬಂದಿದ್ದರು.’

ಹೆಸರು ಬಿಟ್ಟುಹೋಗಿದೆ ಎಂದು ಬರೆಯುವವರಿಗೆ ಈಗ ನಾನೇ ಫೋನ್ ಮಾಡುತ್ತೇನೆ. ನಂಬರು ಸರಿಯಿದೆಯೇ ಎಂದು ಎರಡು ಸಲ ನೋಡಿಕೊಂಡೇ ಒತ್ತುತ್ತೇನೆ. ಯಾರೂ ನೋಡದ ಕೊನೆಯ ಪುಟದವರೆಗೂ ಬಂದು, ಒಂದೊಂದು ಸಾಲನ್ನೂ ಓದಿ, ಒಬ್ಬರು ತಪ್ಪಿಹೋದರಲ್ಲ ಎಂದು ಮರುಗಿದವರು ನೀವು ಎಂದು ಮೊದಲು ಹೇಳುತ್ತೇನೆ. ಅದು ತಪ್ಪಲ್ಲ ಎನ್ನುವುದು ಆಮೇಲೆ.